ಮಾಲೆ ಹಾಕುವ ದಿನವೇ ಎಣ್ಣೆ ನಿಲ್ಲಿಸುವವರ ಮನೆಯವರಿಗೆ: ಮೊದಲ ಐದು ದಿನದ ಲೆಕ್ಕ

ವಾರ್ಡ್ ಸಿಸ್ಟರ್, ಕೋಲಾರ

ಕಾರ್ತಿಕ ಬಂತು. ಇನ್ನು ಊರೂರಲ್ಲೂ ಅಯ್ಯಪ್ಪ ಮಾಲೆ ಹಾಕುವುದು ಶುರುವಾಗುತ್ತದೆ. ಹಾಕುವವರಲ್ಲಿ ದಿನಾ ಕುಡಿಯುವವರೂ ಇರುತ್ತಾರೆ. ಹಿಂದಿನ ರಾತ್ರಿ ಇದೇ ಕೊನೆ ಅಂತ ಗಟ್ಟಿಯಾಗಿ ಕುಡಿದು, ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು ಮಾಲೆ ಹಾಕಿಸಿಕೊಳ್ಳುತ್ತಾರೆ. ಅಲ್ಲಿಗೆ ಒಂದೇ ಏಟಿಗೆ ನಿಂತಿತು. ಬಿಡುವ ಮನಸ್ಸು ಬಂದಿದ್ದು ದೊಡ್ಡ ವಿಷಯ, ಅದನ್ನು ಯಾರೂ ಹಗುರ ಮಾಡಬೇಡಿ. ಆದರೆ ವರ್ಷಗಟ್ಟಲೆ ದಿನಾ ಕುಡಿದ ದೇಹ ಒಂದೇ ಏಟಿಗೆ ನಿಲ್ಲಿಸಿದರೆ ಸುಮ್ಮನಿರುವುದಿಲ್ಲ, ಕೆಲವರ ಜೀವಕ್ಕೇ ಸಂಚಕಾರ ಬರುತ್ತದೆ. ಮನೆಯವರಿಗೆ ಇದು ಗೊತ್ತಿರಲಿ ಅಂತಲೇ ಈ ಚರ್ಚೆ ತೆರೆದಿದ್ದೇನೆ.

ಮದ್ಯ ಮಿದುಳಿನ ಕೆಲಸವನ್ನು ತಗ್ಗಿಸುತ್ತದೆ. ದಿನಾ ತಗ್ಗಿಸುತ್ತಿದ್ದರೆ ಮಿದುಳು ಅದಕ್ಕೆ ಎದುರಾಗಿ ತನ್ನ ಉದ್ರೇಕವನ್ನು ಏರಿಸಿಕೊಂಡು ಸಮ ಮಾಡಿಕೊಳ್ಳುತ್ತದೆ. ಎರಡು ಕಡೆಯಿಂದ ಹಗ್ಗ ಜಗ್ಗುವಾಗ ಒಂದು ಕಡೆಯವರು ಹಠಾತ್ತನೆ ಕೈಬಿಟ್ಟ ಹಾಗೆ, ಮದ್ಯ ನಿಂತ ಕೂಡಲೇ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ನಡುಕ, ಬೆವರು, ಫಿಟ್ಸ್, ಬುದ್ಧಿ ಕದಡುವುದು ಎಲ್ಲ ಅದರಿಂದಲೇ.

ಗಂಟೆಗಳ ಲೆಕ್ಕ ಇಟ್ಟುಕೊಳ್ಳಿ. ಕೊನೆಯ ಗುಟುಕು ಭಾನುವಾರ ರಾತ್ರಿ 10ಕ್ಕೆ ಅಂತಿರಲಿ. ಸೋಮವಾರ ಬೆಳಗಿನ ಜಾವ 4ರಿಂದ 10ರೊಳಗೆ ಕೈ ನಡುಕ, ಬೆವರು, ಓಕರಿಕೆ, ಎದೆ ಡವಗುಟ್ಟುವುದು ಶುರುವಾಗುತ್ತದೆ. ಮಾಲೆ ಹಾಕುವ ಹೊತ್ತಿಗೆ ಸರಿಯಾಗಿ ಇದೇ ಸಮಯ. ಫಿಟ್ಸ್ ಬರುವ ಅಪಾಯ 6ರಿಂದ 48 ಗಂಟೆಯವರೆಗೆ, ಅಂದರೆ ಮಂಗಳವಾರ ರಾತ್ರಿ 10ರ ತನಕ. ಸೋಮವಾರ ಮಧ್ಯಾಹ್ನದಿಂದಲೇ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಇಲ್ಲದ ದನಿ ಕೇಳುತ್ತದೆ. ಎಲ್ಲಕ್ಕಿಂತ ಕೆಟ್ಟದ್ದು ಡೆಲಿರಿಯಂ ಟ್ರೆಮೆನ್ಸ್, ಅಂದರೆ ನಡುಕದ ಜೊತೆಗೆ ಬುದ್ಧಿ ಪೂರ್ತಿ ಕದಡುವುದು. ವಾರ್ಡಿನಲ್ಲಿ ಡಿಟಿ ಅನ್ನುತ್ತೇವೆ. ಅದು ಬಹುಪಾಲು 48ರಿಂದ 96 ಗಂಟೆಯೊಳಗೆ, ಅಂದರೆ ಮಂಗಳವಾರ ರಾತ್ರಿಯಿಂದ ಗುರುವಾರ ರಾತ್ರಿಯೊಳಗೆ ಬರುತ್ತದೆ. "ಒಂದು ದಿನ ಕಳೆಯಿತಲ್ಲ, ಇನ್ನು ಪರವಾಗಿಲ್ಲ" ಅಂತ ಮನೆಯವರು ಉಸಿರು ಬಿಡುವಾಗ ಅಸಲಿ ಅಪಾಯ ಇನ್ನೂ ಮುಂದಿರುತ್ತದೆ.

ದಿನಾ ಕುಡಿಯುವ ಎಲ್ಲರಿಗೂ ಹೀಗಾಗುವುದಿಲ್ಲ. ನಡುಕ, ನಿದ್ದೆಗೇಡು ಬಹಳ ಜನಕ್ಕೆ. ಫಿಟ್ಸ್, ಡಿಟಿ ಕೆಲವರಿಗೆ. ಆ ಕೆಲವರು ಯಾರು ಅಂತ ಮೊದಲೇ ಗುರುತಿಸಬಹುದು ಅನ್ನುವುದೇ ಸಮಾಧಾನ.

ರೀಲರ್, ಶಿಡ್ಲಘಟ್ಟ

ಸಿಸ್ಟರ್, ಗುರುತಿಸೋದು ಹೇಗೆ ಅನ್ನೋದನ್ನೇ ಬಿಡಿಸಿ ಹೇಳಿ. ಇಲ್ಲಿ ರೇಷ್ಮೆ ನೂಲು ಬಿಚ್ಚಾಣಿಕೆ ಮನೆಗಳಲ್ಲಿ ಬೆಳಗ್ಗೆ ಆರಕ್ಕೇ ಒಂದು ನೈಂಟಿ ಹಾಕ್ಕೊಂಡು ಬರೋ ಕೆಲಸಗಾರರಿದ್ದಾರೆ. ಅದಿಲ್ಲದೆ ಗೂಡಿನ ಎಳೆ ಕೈಗೆ ಸಿಗಲ್ಲ ಅಂತಾರೆ. ಮಾಲಿಕರೂ ಕೆಲಸ ನಡೀಲಿ ಅಂತ ಸುಮ್ಮನಿರ್ತಾರೆ. ಇವರಲ್ಲೂ ಮಾಲೆ ಹಾಕೋರು ಇದ್ದಾರೆ.

ವಾರ್ಡ್ ಸಿಸ್ಟರ್, ಕೋಲಾರ

ನೀವು ಹೇಳಿದ್ದೇ ಮೊದಲ ಗುರುತು, ಅಣ್ಣ. ಬೆಳಗ್ಗೆ ಎದ್ದ ಕೂಡಲೇ ನಡುಕ ನಿಲ್ಲಿಸಲು ಕುಡಿಯಬೇಕು ಅಂತಾದರೆ ಅದು ಚಟದ ಹಂತ ದಾಟಿ ದೇಹವೇ ಮದ್ಯಕ್ಕೆ ಒಗ್ಗಿ ಕೂತಿದೆ ಅಂತ ಅರ್ಥ. ರಾತ್ರಿ ನಿದ್ದೆಯಲ್ಲೇ ಮದ್ಯ ಇಳಿದು, ಬೆಳಗ್ಗೆ ಹೊತ್ತಿಗೆ ಹಿಂತೆಗೆತ, ಅಂದರೆ ಮದ್ಯ ಸಿಗದೆ ದೇಹ ಕೊಡುವ ಕಾಟ, ಶುರುವಾಗಿರುತ್ತದೆ. ಆ ನೈಂಟಿ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಇಂಥವರು ಒಂದೇ ಏಟಿಗೆ ನಿಲ್ಲಿಸಲೇಬಾರದು.

ಆಮೇಲೆ ಕೇಳಬೇಕಾದ್ದು: ಹಿಂದೆ ಯಾವಾಗಲಾದರೂ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಬಾಯಿಗೆ ಬಂದಂತೆ ಕನವರಿಸಿದ್ದರಾ. ಬಂದಿದ್ದರೆ ಈ ಸಲವೂ ಬರುವ ಸಾಧ್ಯತೆ ಹೆಚ್ಚು. ವಯಸ್ಸು 60 ದಾಟಿದವರು, ಸಕ್ಕರೆ ಕಾಯಿಲೆ, ಹೃದಯ, ಲಿವರ್ ತೊಂದರೆ ಇರುವವರು, ತಲೆಗೆ ಪೆಟ್ಟು ಬಿದ್ದವರು, ಜ್ವರ ಅಥವಾ ನಿಮೋನಿಯಾ ಇರುವವರು, ನಿದ್ದೆ ಮಾತ್ರೆಯನ್ನೂ ನುಂಗುತ್ತಿರುವವರು, ಮನೆಯಲ್ಲಿ ಒಬ್ಬರೇ ಇರುವವರು, ಇವರ ಮೊದಲ ವಾರ ಆಸ್ಪತ್ರೆಯಲ್ಲೇ ಕಳೆಯಬೇಕು. ಮನೆ ಅವರಿಗೆ ಸಲ್ಲದು.

ನಿಮ್ಮ ಕೆಲಸದ ಜಾಗದ ಬಗ್ಗೆ ಇನ್ನೊಂದು. ಕುದಿನೀರಿನ ಬೇಸಿನ್ ಮುಂದೆ ಕೂತಿರುವಾಗ ಫಿಟ್ಸ್ ಬಂದರೆ ಕೈ, ಮುಖ ಅದರಲ್ಲೇ ಮುಳುಗುತ್ತದೆ. ಕುಡಿತ ನಿಲ್ಲಿಸಿದ ಕೆಲಸಗಾರನನ್ನು ಕನಿಷ್ಠ ಒಂದು ವಾರ ಬೇಸಿನ್, ಬಾಯ್ಲರ್, ಮೋಟಾರು ಯಾವುದರ ಹತ್ತಿರವೂ ಕೂರಿಸಬೇಡಿ. ಬೈಕ್ ಕೀ ಕೂಡ ಮನೆಯವರ ಹತ್ತಿರವೇ ಇರಲಿ.

ಔಷಧಿ ಅಂಗಡಿ, ಮಧುಗಿರಿ

ಎಷ್ಟು ಕುಡಿಯುತ್ತಾರೆ ಅನ್ನುವುದನ್ನು ಗ್ರಾಂ ಲೆಕ್ಕಕ್ಕೆ ಇಳಿಸಿದರೆ ವೈದ್ಯರಿಗೆ ಅನುಕೂಲ. ವಿಸ್ಕಿ, ಬ್ರಾಂದಿ, ರಮ್ಮು ಎಲ್ಲದರಲ್ಲೂ ಮದ್ಯಸಾರ ಶೇ. 42.8. ಒಂದು ಕ್ವಾರ್ಟರ್ ಅಂದರೆ 180 ಎಂಎಲ್, ಅದರಲ್ಲಿ ಶುದ್ಧ ಮದ್ಯಸಾರ 77 ಎಂಎಲ್, ತೂಕದಲ್ಲಿ ಸುಮಾರು 60 ಗ್ರಾಂ. 90ರ ಟೆಟ್ರಾ ಪ್ಯಾಕಿನಲ್ಲಿ 30 ಗ್ರಾಂ. ಬೀರು ಲೆಕ್ಕಕ್ಕೇ ಇಲ್ಲ ಅನ್ನುವವರು ನೋಡಿ, ಶೇ. 8ರ ಸ್ಟ್ರಾಂಗ್ ಬೀರಿನ 650 ಎಂಎಲ್ ಬಾಟಲಿಯಲ್ಲಿ ಸುಮಾರು 40 ಗ್ರಾಂ ಇದೆ. 10 ಗ್ರಾಂ ಒಂದು ಡ್ರಿಂಕ್ ಅಂತ ಆಸ್ಪತ್ರೆಯಲ್ಲಿ ಎಣಿಸುತ್ತಾರೆ. ಅಲ್ಲಿಗೆ ದಿನಕ್ಕೆ ಎರಡು ಕ್ವಾರ್ಟರ್ ಅಂದರೆ 12 ಡ್ರಿಂಕ್. "ಸಂಜೆ ಸ್ವಲ್ಪ ಹಾಕ್ಕೊಳ್ತಾರೆ" ಅಂತ ಹೆಂಡತಿ ಹೇಳುವುದಕ್ಕೂ 12 ಡ್ರಿಂಕ್ ಅನ್ನುವುದಕ್ಕೂ ವೈದ್ಯರು ಕೊಡುವ ಔಷಧಿಯ ಪ್ರಮಾಣವೇ ಬೇರೆಯಾಗುತ್ತದೆ. ದಯವಿಟ್ಟು ಬಾಟಲಿ ಲೆಕ್ಕವನ್ನೇ ಹೇಳಿ.

ಇನ್ನೊಂದು ಮಾತು ಬಹಳ ಗಟ್ಟಿಯಾಗಿ ಹೇಳಬೇಕಿದೆ. ಪಾವಗಡದಿಂದ ಬಂಗಾರಪೇಟೆವರೆಗೆ ಗೋಡೆಗಳ ಮೇಲೆ, ಬಸ್ಸಿನ ಸೀಟಿನ ಹಿಂದೆ ಒಂದೇ ಜಾಹೀರಾತು: ಅವರಿಗೆ ಗೊತ್ತಾಗದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ. ಇಂಥ ಪುಡಿಯೊಳಗೆ ಏನಿದೆ ಅಂತ ಕೊಳ್ಳುವವರಿಗೆ ತಿಳಿಯುವ ದಾರಿಯೇ ಇಲ್ಲ. ಕೆಲವರು ಡೈಸಲ್ಫಿರಾಂ ಮಾತ್ರೆಯನ್ನೇ ಪುಡಿ ಮಾಡಿ ಸಾರಿಗೆ ಹಾಕುತ್ತಾರೆ. ಆ ಮಾತ್ರೆ ಮದ್ಯವನ್ನು ಲಿವರ್ ಅರ್ಧಕ್ಕೆ ಮಾತ್ರ ಕರಗಿಸುವಂತೆ ಮಾಡುತ್ತದೆ, ಅಸಿಟಾಲ್ಡಿಹೈಡ್ ಎಂಬ ವಿಷ ರಕ್ತದಲ್ಲಿ ಸೇರಿಕೊಳ್ಳುತ್ತದೆ. ಮುಖ ಕೆಂಪಡರಿ, ಎದೆ ಹಿಡಿದು, ವಾಂತಿಯಾಗಿ, ಬಿಪಿ ಕುಸಿಯುತ್ತದೆ. ಗೊತ್ತಿದ್ದು ನುಂಗಿದವನು ಎಣ್ಣೆ ಮುಟ್ಟಲು ಹೆದರುತ್ತಾನೆ, ಮದ್ದಿನ ಉದ್ದೇಶವೇ ಅದು. ಗೊತ್ತಿಲ್ಲದವನು ಎಂದಿನಂತೆ ಕ್ವಾರ್ಟರ್ ಪೂರ್ತಿ ಇಳಿಸುತ್ತಾನೆ. ಹೃದಯ ದುರ್ಬಲವಾಗಿದ್ದರೆ ಅಲ್ಲೇ ಮುಗಿಯಿತು. ಕೊನೆಯ ಗುಟುಕಿನಿಂದ ಕನಿಷ್ಠ 12 ಗಂಟೆ ಕಳೆಯದೆ ಈ ಮಾತ್ರೆ ಶುರು ಮಾಡುವಂತಿಲ್ಲ, ಲಿವರ್ ಪರೀಕ್ಷೆ ಮಾಡಿಸದೆ ಕೊಡುವಂತಿಲ್ಲ, ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿದಿರಬಹುದು. ರೋಗಿಯ ಒಪ್ಪಿಗೆ ಇಲ್ಲದೆ ಯಾವ ವೈದ್ಯರೂ ಇದನ್ನು ಬರೆಯುವಂತಿಲ್ಲ.

ಆಶಾ, ಗೌರಿಬಿದನೂರು

ನಮ್ಮ ಕಡೆ ಆಗೋದು ಹೇಳ್ತೀನಿ. ಬಿಟ್ಟ ಎರಡನೇ ದಿನ ಸುಸ್ತು ಅಂತಾರೆ, ಊಟ ಸೇರಲ್ಲ. ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ಕರ್ಕೊಂಡು ಹೋಗಿ ಎರಡು ಬಾಟಲ್ ಗ್ಲೂಕೋಸ್ ಹಾಕಿಸ್ಕೊಂಡು ಬರ್ತಾರೆ. ಆ ಕ್ಲಿನಿಕ್ಕಿನವರಿಗೆ ಎಣ್ಣೆ ವಿಷಯ ಹೇಳಿರಲ್ಲ. ಇದು ಸರಿನಾ ಸಿಸ್ಟರ್?

ವಾರ್ಡ್ ಸಿಸ್ಟರ್, ಕೋಲಾರ

ಅಕ್ಕ, ಈ ಪ್ರಶ್ನೆ ಕೇಳಿದ್ದು ತುಂಬಾ ಒಳ್ಳೆಯದಾಯಿತು. ಸರಿಯಲ್ಲ. ಕಾರಣ ಥಯಮಿನ್, ಅಂದರೆ ವಿಟಮಿನ್ ಬಿ1.

ದಿನಾ ಕುಡಿಯುವವರು ಊಟ ಕಡಿಮೆ ಮಾಡುತ್ತಾರೆ, ತಿಂದದ್ದರಲ್ಲಿರುವ ಥಯಮಿನ್ ಕೂಡ ಕರುಳು ಸರಿಯಾಗಿ ಹೀರುವುದಿಲ್ಲ. ಒಳಗೆ ದಾಸ್ತಾನು ಹೆಚ್ಚುಕಡಿಮೆ ಬರಿದಾಗಿರುತ್ತದೆ. ಮಿದುಳು ಗ್ಲೂಕೋಸನ್ನು ಉರಿಸಿ ಶಕ್ತಿ ಪಡೆಯಲು ಥಯಮಿನ್ ಬೇಕೇ ಬೇಕು. ಬರಿದಾದ ದೇಹಕ್ಕೆ ಬಾಟಲಿಗಟ್ಟಲೆ ಗ್ಲೂಕೋಸ್ ಸುರಿದರೆ ಉಳಿದ ಚೂರುಪಾರು ಥಯಮಿನ್ ಕೂಡ ಖರ್ಚಾಗಿ ಮಿದುಳಿನ ಕೆಲವು ಭಾಗಗಳು ಸಾಯತೊಡಗುತ್ತವೆ. ಇದನ್ನು 1881ರಲ್ಲಿ ವರ್ಣಿಸಿದ ಜರ್ಮನ್ ವೈದ್ಯ ಕಾರ್ಲ್ ವೆರ್ನಿಕೆ ಹೆಸರಿನಲ್ಲೇ ವೆರ್ನಿಕೆ ಎನ್ಸೆಫಲೋಪತಿ ಅನ್ನುತ್ತಾರೆ. ಕಣ್ಣುಗುಡ್ಡೆ ತಾನಾಗಿ ಅದುರುತ್ತದೆ ಅಥವಾ ಪಕ್ಕಕ್ಕೆ ತಿರುಗುವುದಿಲ್ಲ, ಒಂದೊಂದು ವಸ್ತು ಎರಡೆರಡಾಗಿ ಕಾಣುತ್ತದೆ. ಕುಡಿಯದಿದ್ದರೂ ಕಾಲು ಅಗಲಿಸಿ ತೂರಾಡುತ್ತಾ ನಡೆಯುತ್ತಾರೆ. ಯಾವ ದಿನ, ಎಲ್ಲಿದ್ದೇನೆ ಅನ್ನುವುದು ತಿಳಿಯುವುದಿಲ್ಲ. ಮೂರೂ ಒಟ್ಟಿಗೆ ಕಾಣುವುದು ಕಡಿಮೆ, ಒಂದು ಕಂಡರೂ ಓಡಬೇಕು. ತಡವಾದರೆ ಕೊರ್ಸಕಾಫ್ ಹಂತ. ಐದು ನಿಮಿಷದ ಹಿಂದೆ ಊಟ ಮಾಡಿದ್ದು ನೆನಪಿರುವುದಿಲ್ಲ, ಇಲ್ಲದ ಕಥೆ ಹೆಣೆದು ಹೇಳುತ್ತಾರೆ. ಆ ನೆನಪು ಎಷ್ಟೋ ಜನರಿಗೆ ಮತ್ತೆ ಪೂರ್ತಿ ಮರಳುವುದಿಲ್ಲ.

ಅದಕ್ಕೇ ಗ್ಲೂಕೋಸಿಗೆ ಮೊದಲು ಅಥವಾ ಅದರ ಜೊತೆಗೇ ಥಯಮಿನ್ ಚುಚ್ಚುಮದ್ದು. ಮುಂಜಾಗ್ರತೆಗೆ ಸಾಮಾನ್ಯವಾಗಿ ದಿನಕ್ಕೆ 100 ಮಿಲಿಗ್ರಾಂ ಮೇಲ್ಪಟ್ಟು, ಮೂರರಿಂದ ಐದು ದಿನ. ವೆರ್ನಿಕೆ ಅನುಮಾನ ಬಂದರೆ ಅದರ ಹಲವು ಪಟ್ಟು, ದಿನಕ್ಕೆ ಮೂರು ಸಲ ನರಕ್ಕೆ. ಅಂಗಡಿಯ ಬಿ ಕಾಂಪ್ಲೆಕ್ಸ್ ಮಾತ್ರೆಯಲ್ಲಿ ಥಯಮಿನ್ ತೀರಾ ಕಡಿಮೆ, ಅದು ಈ ಕೆಲಸಕ್ಕೆ ಸಾಲದು. ಒಂದು ಎಚ್ಚರಿಕೆ: ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಿದ್ದರೆ ಥಯಮಿನ್ ಸಿಗಲಿ ಅಂತ ಗ್ಲೂಕೋಸನ್ನು ತಡಮಾಡುವಂತಿಲ್ಲ. ಗ್ಲೂಕೋಮೀಟರಿನಲ್ಲಿ ನೋಡಿ ವೈದ್ಯರು ತೀರ್ಮಾನಿಸುತ್ತಾರೆ. ಕ್ಲಿನಿಕ್ಕಿನಲ್ಲಿ ನೀವು ಹೇಳಬೇಕಾದ್ದು ಒಂದೇ ಮಾತು: "ಇವರು ದಿನಾ ಕುಡಿಯೋರು, ಬಿಟ್ಟು ಇಷ್ಟು ಗಂಟೆ ಆಯ್ತು."

ಸಮಾಲೋಚಕಿ, ತುಮಕೂರು

ಸಿಸ್ಟರ್ ಹೇಳಿದ ಕೊನೆಯ ಮಾತಿಗೆ ನನ್ನದೊಂದು ಸೇರ್ಪಡೆ. ಮರ್ಯಾದೆಗೆ ಅಂಜಿ ಮುಚ್ಚಿಡುವುದು ಕ್ಲಿನಿಕ್ಕಿನಲ್ಲಿ ಮಾತ್ರವಲ್ಲ. ಕಾಲು ಮುರಿದು, ಡೆಂಗಿ ಬಂದು, ಹರ್ನಿಯಾ ಆಪರೇಷನ್ನಿಗೆ ಅಂತ ದಾಖಲಾದವರಿಗೂ ಅದೇ ಗಂಟೆಗಳ ಲೆಕ್ಕ ನಡೆಯುತ್ತದೆ. ಆಸ್ಪತ್ರೆ ಸೇರಿದ ದಿನವೇ ಎಣ್ಣೆ ನಿಂತಿರುತ್ತದೆ. ಮೂರನೇ ರಾತ್ರಿ ಡ್ರಿಪ್ ಕಿತ್ತು ಎದ್ದು ಓಡಲು ನೋಡುತ್ತಾರೆ. ಅದು ಜ್ವರದ ಕನವರಿಕೆಯೋ ಡಿಟಿಯೋ ಅಂತ ಅರ್ಧರಾತ್ರಿಯಲ್ಲಿ ವೈದ್ಯರು ತಡಕಾಡಬೇಕಾಗುತ್ತದೆ. ದಾಖಲಾತಿ ಸಮಯದಲ್ಲೇ ಒಂದು ಚೀಟಿ ಬರೆದು ಕೊಡಿ: ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ, ಕೊನೆಯ ಸಲ ಯಾವ ದಿನ ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಇತ್ತಾ, ಬೇರೆ ಯಾವ ಮಾತ್ರೆ. ಅರ್ಧ ಹಾಳೆ ಸಾಕು.

ಡಿಟಿ ಕಾಣುವ ಬಗೆಯನ್ನೂ ಹೇಳಿಬಿಡುತ್ತೇನೆ, ನಮ್ಮ ಜಿಲ್ಲೆಗಳಲ್ಲಿ ಅದನ್ನು ಗಾಳಿ ಸೋಕಿದೆ ಅಂತ ತಿಳಿದು ತಾಯತ ಕಟ್ಟಿಸಲು ಹೋಗುವವರು ಇನ್ನೂ ಇದ್ದಾರೆ. ಹೊದಿಕೆಯ ಮೇಲಿಂದ ಇಲ್ಲದ ಹುಳ ಹೆಕ್ಕುತ್ತಿರುತ್ತಾರೆ. ಗೋಡೆಯ ಮೇಲೆ ಹಾವು, ಇಲಿ ಅಂತ ಬೆಚ್ಚುತ್ತಾರೆ. ಕೆಲವರ ಕೈಗಳು ತಮ್ಮ ಕಸುಬನ್ನೇ ಮಾಡುತ್ತಿರುತ್ತವೆ. ಡ್ರೈವರ್ ಮಂಚದ ಮೇಲೆ ಕೂತು ಗೇರ್ ಬದಲಿಸುತ್ತಾರೆ, ರೀಲರ್ ಹೆಬ್ಬೆರಳು ತೋರುಬೆರಳು ಸೇರಿಸಿ ಗಾಳಿಯಲ್ಲಿ ಎಳೆ ಹುಡುಕಿ ತಿರುವುತ್ತಾರೆ. ಜೊತೆಗೆ ಮೈ ಕೆಂಡದಂಥ ಜ್ವರ, ಸುರಿಯುವ ಬೆವರು, ಏರಿದ ಬಿಪಿ, ನಾಡಿ ಬಡಿತ. ಹೆಂಡತಿ ಮಕ್ಕಳ ಗುರುತು ಸಿಗುವುದಿಲ್ಲ, ಮಧ್ಯೆ ಮಧ್ಯೆ ಸರಿಯಾಗಿ ಮಾತಾಡಿ ಮತ್ತೆ ಕದಡುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಡಿಟಿ ಬಂದವರಲ್ಲಿ ಆರೇಳು ಜನಕ್ಕೊಬ್ಬರು, ಅದಕ್ಕಿಂತ ಹೆಚ್ಚೂ ಸಾಯಬಹುದು. ಸರಿಯಾದ ಚಿಕಿತ್ಸೆ ಸಿಕ್ಕರೆ ಬಹುಪಾಲು ಎಲ್ಲರೂ ಉಳಿಯುತ್ತಾರೆ. ತಾಯತಕ್ಕೆ ಅಂತ ಕಳೆಯುವ ಒಂದು ರಾತ್ರಿಯ ಬೆಲೆ ಇಷ್ಟು.

ರೀಲರ್, ಶಿಡ್ಲಘಟ್ಟ

ಹಾಗಾದ್ರೆ ಒಂದೇ ಸಲ ಬಿಡೋ ಬದಲು ಸ್ವಲ್ಪ ಸ್ವಲ್ಪ ಕಮ್ಮಿ ಮಾಡ್ತಾ ಬರೋದು ಒಳ್ಳೇದಲ್ವಾ ಮೇಡಂ? ಇಲ್ಲಿ ಹಿರಿಯರು ಅದನ್ನೇ ಹೇಳೋದು.

ಸಮಾಲೋಚಕಿ, ತುಮಕೂರು

ವೈದ್ಯರ ಹತ್ತಿರ ಹೋಗುವ ದಿನ ಇನ್ನೂ ದೂರ ಇದ್ದರೆ, ಅಲ್ಲಿಯವರೆಗೆ ಹಠಾತ್ ನಿಲ್ಲಿಸುವುದಕ್ಕಿಂತ ಕಡಿಮೆ ಮಾಡುತ್ತಾ ಬರುವುದು ಸುರಕ್ಷಿತ, ನಿಜ. ಆದರೆ "ಸ್ವಲ್ಪ ಸ್ವಲ್ಪ" ಅನ್ನುವುದಕ್ಕೆ ಅಳತೆ ಬೇಕು. ದಿನದ ಪ್ರಮಾಣದ ಹತ್ತನೇ ಒಂದು ಭಾಗ ಇಳಿಸಿ, ನಾಲ್ಕು ದಿನ ಅಲ್ಲೇ ನಿಂತು, ನಡುಕ ಬೆವರು ಹೆಚ್ಚಾಗದಿದ್ದರೆ ಮತ್ತೆ ಇಳಿಸಬೇಕು. ದಿನಕ್ಕೆ ಎರಡು ಕ್ವಾರ್ಟರ್ ಅಂದರೆ 360 ಎಂಎಲ್, ಮೊದಲ ಇಳಿಕೆ 36 ಎಂಎಲ್. ಔಷಧಿ ಬಾಟಲಿಯ ಅಳತೆ ಮುಚ್ಚಳದಲ್ಲೇ ಅಳೆಯಬೇಕು, ಅಳೆದು ಕೊಡುವವರು ಬೇರೆಯವರಾಗಬೇಕು. ಇದನ್ನು ತಮ್ಮ ಕೈಯಲ್ಲೇ ಸಾಧಿಸುವವರು ಬಹಳ ಕಡಿಮೆ. ಎರಡನೇ ವಾರಕ್ಕೆ ಒಂದು ಮದುವೆಯೋ ಬಾಡೂಟವೋ ಬಂದು ಲೆಕ್ಕ ತಪ್ಪುತ್ತದೆ. ಹಿಂದೆ ಫಿಟ್ಸ್ ಬಂದವರಿಗಂತೂ ಈ ದಾರಿ ಬೇಡವೇ ಬೇಡ. ವೈದ್ಯರ ಚಿಕಿತ್ಸೆಯಾದರೆ ಇದೇ ಇಳಿಕೆಯನ್ನು ಮದ್ಯದ ಬದಲು ಮಾತ್ರೆಯಿಂದ ಮಾಡುತ್ತಾರೆ, ಅದೂ ಒಂದರಿಂದ ಒಂದೂವರೆ ವಾರದಲ್ಲಿ ಮುಗಿಯುತ್ತದೆ.

ಔಷಧಿ ಅಂಗಡಿ, ಮಧುಗಿರಿ

ಆ ಮಾತ್ರೆಯ ಹೆಸರು ಗೊತ್ತಿರುವುದು ಒಳ್ಳೆಯದು, ಆದರೆ ತಾವೇ ಕೊಂಡು ನುಂಗಲು ಅಲ್ಲ. ಕ್ಲೋರ್‌ಡೈಯಾಜೆಪಾಕ್ಸೈಡ್, ಡೈಯಾಜೆಪಾಂ. ಲಿವರ್ ಕೆಟ್ಟಿದ್ದರೆ ಅಥವಾ ವಯಸ್ಸಾಗಿದ್ದರೆ ಲೋರಾಜೆಪಾಂ, ಅದು ದೇಹದಲ್ಲಿ ಶೇಖರವಾಗುವುದು ಕಡಿಮೆ ಅನ್ನುವ ಕಾರಣಕ್ಕೆ. ಮೊದಲ ಒಂದೆರಡು ದಿನ ಹೆಚ್ಚು, ಆಮೇಲೆ ದಿನದಿಂದ ದಿನಕ್ಕೆ ಇಳಿಸಿ ಪೂರ್ತಿ ನಿಲ್ಲಿಸುತ್ತಾರೆ. ಮೂರು ತಪ್ಪುಗಳು ಮತ್ತೆ ಮತ್ತೆ ಆಗುತ್ತವೆ. ಮಾತ್ರೆಯ ಮೇಲೆ ಎಣ್ಣೆಯನ್ನೂ ಹಾಕಿದರೆ ಎರಡೂ ಸೇರಿ ಉಸಿರಾಟವನ್ನೇ ತಗ್ಗಿಸುತ್ತವೆ, ನಿದ್ದೆಯಲ್ಲೇ ಸಾಯಬಹುದು. ಎರಡನೇ ತಪ್ಪು, ಮೂರನೇ ದಿನಕ್ಕೆ ಹುಷಾರಾದರು ಅಂತ ಮಾತ್ರೆ ನಿಲ್ಲಿಸುವುದು. ಕೊನೆಯದು, ನಿದ್ದೆ ಚೆನ್ನಾಗಿ ಬರುತ್ತೆ ಅಂತ ಹಳೇ ಚೀಟಿ ಹಿಡಿದು ತಿಂಗಳುಗಟ್ಟಲೆ ಮುಂದುವರಿಸುವುದು. ಅಲ್ಲಿಗೆ ಮಾತ್ರೆಯೇ ಹೊಸ ಚಟ. ಈ ಮಾತ್ರೆಗಳ ಸ್ಟ್ರಿಪ್ ಮನೆಯಲ್ಲಿ ಒಬ್ಬರ ಕೈಯಲ್ಲಿರಲಿ, ದಿನದ ಲೆಕ್ಕ ಅವರೇ ಕೊಡಲಿ.

ಮೈಕೈ ನೋವು ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿಕೊಂಡು ಬರುತ್ತಾರೆ. ಎಣ್ಣೆಯಿಂದ ಕೆಂಪಾದ ಹೊಟ್ಟೆಯ ಒಳಪದರಕ್ಕೆ ಇವು ಬಿದ್ದರೆ ರಕ್ತಸ್ರಾವ. ಪ್ಯಾರಾಸಿಟಮಾಲ್ ಕೂಡ ಕುಡಿಯುವವರ ಲಿವರಿಗೆ ಬೇರೆಯವರಿಗಿಂತ ಕಡಿಮೆ ಪ್ರಮಾಣದಲ್ಲೇ ಪೆಟ್ಟು ಕೊಡಬಲ್ಲದು. ಸಕ್ಕರೆ ಕಾಯಿಲೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಸಕ್ಕರೆ ಕುಸಿಯುತ್ತದೆ, ನೋಡುವವರು ಅಮಲು ಅಂದುಕೊಂಡು ಮಲಗಲು ಬಿಡುತ್ತಾರೆ.

ಮೇಷ್ಟ್ರು, ಮಾಲೂರು

ಎಣ್ಣೆ ವಿಷಯ ಸರಿ. ಈಗ ಹುಡುಗರಲ್ಲಿ ನೋವಿನ ಮಾತ್ರೆಯ ಚಟ, ವೈಟ್ನರ್, ಪಂಕ್ಚರ್ ಸಲ್ಯೂಷನ್ ಸೇದುವುದು ಎಲ್ಲ ಕೇಳಿಬರುತ್ತಿದೆ. ಅವರಿಗೂ ಬಿಟ್ಟಾಗ ಇದೇ ಅಪಾಯವೇ?

ಸಮಾಲೋಚಕಿ, ತುಮಕೂರು

ಇಲ್ಲ ಮೇಷ್ಟ್ರೇ, ಅಪಾಯ ಇರುವ ಜಾಗವೇ ಬೇರೆ. ಟ್ರಮಡಾಲ್, ಟಪೆಂಟಡಾಲ್ ಓಪಿಯಾಯ್ಡ್ ಗುಂಪಿನ, ಅಂದರೆ ಅಫೀಮಿನಂತೆ ಕೆಲಸ ಮಾಡುವ ನೋವಿನ ಮಾತ್ರೆಗಳು. ಬಿಟ್ಟಾಗ ಆಕಳಿಕೆ ಮೇಲೆ ಆಕಳಿಕೆ, ಮೂಗು ಕಣ್ಣಲ್ಲಿ ನೀರು, ಮೈಮೇಲೆ ಮುಳ್ಳು, ಹೊಟ್ಟೆ ನುಲಿತ, ಭೇದಿ, ಕಾಲುಸೆಳೆತ. ಯಾತನೆ ಬಹಳ, ಆದರೆ ಆರೋಗ್ಯವಂತ ಹುಡುಗನಿಗೆ ಅದರಿಂದಲೇ ಸಾವು ಬರುವುದು ಅಪರೂಪ. ನೀರು ಆರದಂತೆ ನೋಡಿಕೊಳ್ಳಬೇಕು. ಟ್ರಮಡಾಲ್ ಮಾತ್ರ ಹೆಚ್ಚು ನುಂಗಿದಾಗಲೇ ಫಿಟ್ಸ್ ತರಬಲ್ಲದು. ಸಾವು ಕಾದಿರುವುದು ಬಿಟ್ಟು ಕೆಲವು ವಾರ ಆದ ಮೇಲೆ. ದೇಹದ ತಾಳಿಕೆ ಅಷ್ಟರಲ್ಲಿ ಇಳಿದಿರುತ್ತದೆ, ಹುಡುಗ ಹಳೇ ಪ್ರಮಾಣವನ್ನೇ ನುಂಗುತ್ತಾನೆ, ಉಸಿರು ನಿಲ್ಲುತ್ತದೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದಾಗಿ, ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ ಗೊರಗೊರ ಅನ್ನುತ್ತಿದ್ದರೆ ನಿದ್ದೆ ಅಂದುಕೊಳ್ಳಬೇಡಿ. 108ಕ್ಕೆ ಫೋನ್ ಮಾಡಿ, "ಓಪಿಯಾಯ್ಡ್ ಮಾತ್ರೆ ನುಂಗಿದ್ದಾನೆ" ಅಂತ ಹೇಳಿ, ಅದರ ಪ್ರಭಾವ ಇಳಿಸುವ ನಲಾಕ್ಸೋನ್ ಚುಚ್ಚುಮದ್ದು ಇರುವ ಆಸ್ಪತ್ರೆಗೆ ಸೇರಿಸಿ. ಮಾತ್ರೆಯನ್ನು ಚುಚ್ಚಿಕೊಳ್ಳುವವರಿಗೆ ಅದರಲ್ಲಿರುವ ಟಾಲ್ಕು, ಪಿಷ್ಟ ರಕ್ತನಾಳದಲ್ಲೂ ಶ್ವಾಸಕೋಶದಲ್ಲೂ ಕೂತು ಕೀವು, ಗ್ಯಾಂಗ್ರೀನು. ಸೂಜಿ ಹಂಚಿಕೊಂಡರೆ ಎಚ್‌ಐವಿ, ಹೆಪಟೈಟಿಸ್ ಸಿ.

ಸಲ್ಯೂಷನ್ನಿನಲ್ಲಿರುವ ದ್ರಾವಕ ಹೃದಯವನ್ನು ಅಡ್ರಿನಲಿನ್‌ಗೆ ವಿಪರೀತ ಸೂಕ್ಷ್ಮ ಮಾಡುತ್ತದೆ. ಸೇದುತ್ತಿರುವ ಹುಡುಗನನ್ನು ಕಂಡು ಬೆನ್ನಟ್ಟಿದರೆ, ಗದರಿಸಿ ಓಡಿಸಿದರೆ ಹೃದಯ ಬಡಿತ ಹಾದಿತಪ್ಪಿ ಅಲ್ಲೇ ಕುಸಿಯಬಹುದು. ಸಿಕ್ಕಾಗ ಮೆಲ್ಲಗೆ ಮಾತಾಡಿ ಗಾಳಿಯಾಡುವ ಕಡೆ ಕೂರಿಸಿ. ಶಿಕ್ಷಕರಿಗೆ ಇದು ಮುಖ್ಯ.

ವಕೀಲರು, ಚಿಂತಾಮಣಿ

ಕಾನೂನಿನ ಕಡೆಯಿಂದ ಎರಡು ಮಾತು. ಮಾದಕ ವಸ್ತು ಚಟಕ್ಕೆ ಬಿದ್ದವರು ತಾವಾಗಿ ಮುಂದೆ ಬಂದು ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಅಲ್ಪ ಪ್ರಮಾಣದ ಅಥವಾ ಸೇವನೆಯ ಆರೋಪಗಳಲ್ಲಿ ಮಾದಕ ವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ರಕ್ಷಣೆ ಕೊಡುತ್ತದೆ. ಕೇಸಿಗೆ ಹೆದರಿ ಮಗನನ್ನು ಆಸ್ಪತ್ರೆಗೆ ತೋರಿಸದೆ ಇರುವ ತಂದೆತಾಯಿಗೆ ಇದು ಗೊತ್ತಿರಲಿ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಸ್ಥಿತಿಗಳನ್ನೂ ಒಳಗೊಳ್ಳುತ್ತದೆ. ಆದ್ದರಿಂದ ರೋಗಿಗಳನ್ನು ಇರಿಸಿಕೊಳ್ಳುವ ವ್ಯಸನಮುಕ್ತಿ ಕೇಂದ್ರಕ್ಕೆ ನೋಂದಣಿ ಬೇಕು, ರೋಗಿಯನ್ನು ಸರಪಳಿಯಲ್ಲಿ ಕಟ್ಟುವುದು ನಿಷಿದ್ಧ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ. ಮೊದಲ ವಾರ ರಾತ್ರಿ ವೇಳೆ ಯಾವ ವೈದ್ಯರು ಬರುತ್ತಾರೆ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಒಯ್ಯುತ್ತೀರಿ ಅಂತ ಕೇಳಿ. ಮೂರು ತಿಂಗಳು ಮನೆಯವರನ್ನು ನೋಡಲು ಬಿಡುವುದಿಲ್ಲ ಅಂದರೆ ಆ ಬಾಗಿಲಿಂದಲೇ ಹಿಂತಿರುಗಿ.

ಗುರುಸ್ವಾಮಿ, ಮುಳಬಾಗಿಲು

ಎಲ್ಲರ ಮಾತನ್ನೂ ಓದಿದೆ. ಸ್ವಾಮಿಗಳಲ್ಲಿ ಹಲವರು "ಹೋದ ವರ್ಷವೂ ಹೀಗೇ ಬಿಟ್ಟೆ, ಏನೂ ಆಗಲಿಲ್ಲ" ಅನ್ನುತ್ತಾರೆ. ಅಂಥವರನ್ನು ಬಿಟ್ಟುಬಿಡಬಹುದಾ? ಮತ್ತೆ ವ್ರತದಲ್ಲಿರುವಾಗ ಮಾತ್ರೆ ತಗೋಬಹುದಾ ಅಂತಲೂ ಕೇಳುತ್ತಾರೆ. ನನ್ನ ಮಟ್ಟಿಗೆ ಔಷಧಿಗೆ ವ್ರತದಲ್ಲಿ ಅಡ್ಡಿಯಿಲ್ಲ, ಅದನ್ನು ಧೈರ್ಯವಾಗಿ ಹೇಳುತ್ತೇನೆ.

ವಾರ್ಡ್ ಸಿಸ್ಟರ್, ಕೋಲಾರ

ಸ್ವಾಮಿ, ನೀವು ಹಾಗೆ ಹೇಳುವುದರಿಂದ ನಮ್ಮ ಅರ್ಧ ಕೆಲಸ ಹಗುರವಾಗುತ್ತದೆ.

ಹೋದ ವರ್ಷದ ಮಾತನ್ನು ನಂಬಬೇಡಿ. ಪ್ರತಿ ಸಲ ಹಠಾತ್ತಾಗಿ ಬಿಟ್ಟು ಮತ್ತೆ ಹಿಡಿದಾಗಲೂ ಮಿದುಳು ಮುಂದಿನ ಸಲಕ್ಕೆ ಇನ್ನಷ್ಟು ಸುಲಭವಾಗಿ ಉದ್ರೇಕಗೊಳ್ಳುತ್ತದೆ. ಮೊದಲ ವರ್ಷ ಬರೀ ನಡುಕ, ಮೂರನೇ ವರ್ಷ ಫಿಟ್ಸ್, ಐದನೇ ವರ್ಷ ಡಿಟಿ, ಈ ಬಗೆಯ ಏರಿಕೆ ವೈದ್ಯಶಾಸ್ತ್ರದಲ್ಲಿ ಚೆನ್ನಾಗಿ ಗೊತ್ತಿರುವಂಥದ್ದು. ವರ್ಷಕ್ಕೊಮ್ಮೆ 41 ದಿನ ಬಿಟ್ಟು, ಮಾಲೆ ತೆಗೆದ ದಿನವೇ ಶುರು ಮಾಡುವವರಿಗೇ ಇದು ಹೆಚ್ಚು ಅನ್ವಯ. ಹಾಗಾಗಿ ಹಳಬರನ್ನೇ ಮೊದಲು ಕೇಳಿ.

ಮಾಲೆ ಹಾಕುವ ಹತ್ತು ಹನ್ನೆರಡು ದಿನ ಮೊದಲೇ ಬರಲು ಹೇಳಿ. ಬೆಳಗ್ಗೆ ಕುಡಿಯುತ್ತೀರಾ, ಹಿಂದೆ ಫಿಟ್ಸ್ ಬಂದಿತ್ತಾ ಅಂತ ಒಬ್ಬೊಬ್ಬರನ್ನೇ ಬೇರೆ ಕರೆದು ಕೇಳಿ, ಎಲ್ಲರ ಮುಂದೆ ನಿಜ ಬರುವುದಿಲ್ಲ. ಹೌದು ಅಂದವರು ಮೊದಲು ಚಿಕಿತ್ಸೆ ಮುಗಿಸಲಿ, ಮಾತ್ರೆ ಇಳಿದ ಮೇಲೆ ಮಾಲೆ ಹಾಕಲಿ. ಆಗ ಆ 41 ದಿನ ನಿಜವಾಗಿ ಉಪಯೋಗಕ್ಕೆ ಬರುತ್ತದೆ. ಬರಿಗಾಲು, ಎರಡು ಹೊತ್ತು ಸ್ನಾನ, ಜೊತೆಗಾರರು, ಸಂಜೆಗೆ ಭಜನೆ, ಎಣ್ಣೆ ಅಂಗಡಿಯ ಹಾದಿ ತಪ್ಪಿಸಲು ಇದಕ್ಕಿಂತ ಗಟ್ಟಿ ಏರ್ಪಾಡು ಸಿಗುವುದು ಕಷ್ಟ. ಒಂದು ಹೊತ್ತು ಉಪವಾಸ ಮಾತ್ರ ಇವರಿಗೆ ಬೇಡ.

ಆಶಾ, ಗೌರಿಬಿದನೂರು

ಫಿಟ್ಸ್ ಬಂದ್ರೆ ಕೈಗೆ ಬೀಗದಕೈ ಕೊಡೋದು, ಈರುಳ್ಳಿ ಮೂಸೋದಕ್ಕೆ ಹಿಡಿಯೋದು, ಬಾಯಿಗೆ ಚಮಚ ತುರುಕೋದು ಇನ್ನೂ ನಡೀತಿದೆ. ಅದನ್ನೂ ಬರೆದುಬಿಡಿ ಸಿಸ್ಟರ್, ಇದನ್ನ ಗುಂಪಿಗೆ ಹಾಕ್ತೀನಿ.

ವಾರ್ಡ್ ಸಿಸ್ಟರ್, ಕೋಲಾರ

ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲ. ಎಷ್ಟೋ ಸಲ ಒಂದೆರಡು ನಿಮಿಷದಲ್ಲಿ ಅದು ತಾನಾಗಿ ನಿಲ್ಲುತ್ತದೆ, ಹೆಸರು ಬೀಗದಕೈಗೆ ಬರುತ್ತದೆ. ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಇಳಿಯುತ್ತದೆ. ಮೊದಲು ಗಡಿಯಾರ ನೋಡಿ. ಸುತ್ತಲಿನ ಕಲ್ಲು, ಒಲೆ, ಪಾತ್ರೆ ಸರಿಸಿ, ತಲೆ ಕೆಳಗೆ ಮಡಿಚಿದ ಬಟ್ಟೆ ಇಡಿ. ಕತ್ತಿನ ಗುಂಡಿ, ಮಾಲೆ ಸಡಿಲಿಸಿ. ಒತ್ತಿ ಹಿಡಿಯಬೇಡಿ. ಅದುರು ಕಡಿಮೆಯಾದ ಕೂಡಲೇ ಎಡ ಮಗ್ಗುಲಿಗೆ ಹೊರಳಿಸಿ, ಬಾಯಿ ನೆಲದ ಕಡೆಗಿದ್ದರೆ ನೊರೆ, ವಾಂತಿ ಹೊರಗೆ ಹರಿಯುತ್ತದೆ. ಪೂರ್ತಿ ಎಚ್ಚರ ಬರುವ ತನಕ ಬಾಯಿಗೆ ನೀರು, ಕಾಫಿ ಏನನ್ನೂ ಹಾಕಬೇಡಿ. ನಡುಕ ನಿಲ್ಲಲಿ ಅಂತ ಎಣ್ಣೆಯನ್ನಂತೂ ಹಾಕಲೇಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಬೇರೆ ಫಿಟ್ಸ್ ಕಾಯಿಲೆಯಾದರೆ ಐದು ನಿಮಿಷ ನೋಡಿ ಅನ್ನುತ್ತೇವೆ. ಕುಡಿತ ಬಿಟ್ಟವರಿಗೆ ಬಂದರೆ ಒಂದೇ ನಿಮಿಷದ್ದಾದರೂ 108 ಕರೆಯಿರಿ, ಏಕೆಂದರೆ ಕೆಲವೇ ಗಂಟೆಯಲ್ಲಿ ಎರಡನೆಯದು ಬರಬಹುದು, ಹಿಂದೆಯೇ ಡಿಟಿ ಇರಬಹುದು. ರಕ್ತ ವಾಂತಿ, ಟಾರಿನಂಥ ಕಪ್ಪು ಮಲ, ಕಣ್ಣು ಹಳದಿ, ಜ್ವರದ ಜೊತೆ ತೊದಲು, ಇವುಗಳಿಗೂ ಕಾಯುವಂತಿಲ್ಲ.

ನೇರವಾಗಿ ಬೆಂಗಳೂರಿಗೇ ಅಂತ ಹೊರಡಬೇಡಿ. ಕದಡಿದ ಸ್ಥಿತಿಯಲ್ಲಿರುವವರನ್ನು ಕಾರಿನ ಹಿಂದಿನ ಸೀಟಿನಲ್ಲಿ ಹಿಡಿದುಕೊಂಡು ನಿಮ್ಹಾನ್ಸ್ ತನಕ ಹೋಗುವುದು ಅಪಾಯ. ಹತ್ತಿರದ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದು, ಥಯಮಿನ್ ಆಗಲಿ, ಆಮೇಲೆ ಬೇಕಿದ್ದರೆ ಆಂಬುಲೆನ್ಸಿನಲ್ಲಿ ಕಳಿಸುತ್ತಾರೆ.

ಔಷಧಿ ಅಂಗಡಿ, ಮಧುಗಿರಿ

ಅದೇ ಸಂದೇಶದಲ್ಲಿ ಕಳ್ಳಬಟ್ಟಿ ವಿಷಯವೂ ಇರಲಿ. 2007ರ ಜುಲೈಯಲ್ಲಿ ಸಾರಾಯಿ ನಿಷೇಧವಾಯಿತು, 2008ರ ಮೇನಲ್ಲಿ ಬೆಂಗಳೂರು, ಕೋಲಾರ, ಕೃಷ್ಣಗಿರಿ ಭಾಗದಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿಗೆ ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲ್ ಕುಡಿದಾಗ ಮಾಮೂಲಿ ಅಮಲೇ ಇರುತ್ತದೆ. ಲಿವರ್ ಅದನ್ನು ಫಾರ್ಮಿಕ್ ಆಮ್ಲ ಮಾಡುವ ಹೊತ್ತಿಗೆ, ಸಾಮಾನ್ಯವಾಗಿ 12ರಿಂದ 24 ಗಂಟೆ ಆದ ಮೇಲೆ, ಕಣ್ಣು ಮಂಜು, ಹೊಟ್ಟೆನೋವು, ಏದುಸಿರು. ಒಬ್ಬರಿಗೆ ಹಾಗಾದರೆ ಜೊತೆಗೆ ಕುಡಿದ ಎಲ್ಲರನ್ನೂ, ಚೆನ್ನಾಗಿಯೇ ಇದ್ದರೂ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಸೇರಿಸಿ.

ಗುರುಸ್ವಾಮಿ, ಮುಳಬಾಗಿಲು

ಆಯಿತು. ನಮ್ಮ ಸನ್ನಿಧಿಯಲ್ಲಿ ಮಾಲೆಗೆ ಹೆಸರು ಬರೆಸುವ ಪುಸ್ತಕದಲ್ಲೇ ಆ ಎರಡು ಪ್ರಶ್ನೆಗೆ ಜಾಗ ಬಿಡುತ್ತೇನೆ. ಆಸ್ಪತ್ರೆಗೆ ಎಲ್ಲಿಗೆ, ಯಾವ ದಿನ ಕಳಿಸಲಿ?

ಆಶಾ, ಗೌರಿಬಿದನೂರು

ಸ್ವಾಮಿ, ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೆ ಬರ್ತಾರೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ನಿಮ್ಮೂರಿನ ಆಶಾ ಕಾರ್ಯಕರ್ತೆ ಕೈಲಿ ಹಿಂದಿನ ದಿನವೇ ವಿಚಾರಿಸಿ ಕಳಿಸಿ. ಜಿಲ್ಲಾ ಆಸ್ಪತ್ರೆಯಲ್ಲೂ ಮನೋವೈದ್ಯರ ವಿಭಾಗ ಇದೆ. ಫೋನಲ್ಲೇ ಕೇಳ್ಬೇಕು ಅಂದ್ರೆ ಟೆಲಿಮನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ. ಮಾದಕ ವಸ್ತು ವಿಷಯಕ್ಕೆ 14446. ಕಳಿಸುವಾಗ ಜೊತೆಗೆ ಮನೆಯವರೊಬ್ಬರು ಇರಲಿ, ಆಧಾರ್, ಹಳೇ ಚೀಟಿಗಳು, ನುಂಗ್ತಿರೋ ಮಾತ್ರೆಗಳ ಕವರ್ ತರಲಿ. ಮುಖ್ಯವಾಗಿ, ಆಸ್ಪತ್ರೆಗೆ ಹೋಗ್ಬೇಕಲ್ಲ ಅಂತ ಹಿಂದಿನ ರಾತ್ರಿನೇ ಪೂರ್ತಿ ನಿಲ್ಲಿಸಿ ಬರೋದು ಬೇಡ ಅಂತ ಹೇಳಿ.